ಅತ್ತೆ ಹೊತ್ತ ನೀರು

ಕೇಳಿ, ಕೂತು ಪೂರ್ತಿ ಕೇಳಿ. ಅರ್ಧಕ್ಕೇ ಎದ್ದು ಹೋಗಿ ‘ಆ ಹುಡುಗಿ ಮಾದಪ್ಪನಿಗೆ ಅಪಚಾರ ಮಾಡಿದಳಂತೆ’ ಎಂದು ಹೇಳಿಕೊಂಡು ತಿರುಗುವವರು ನಮ್ಮೂರಲ್ಲಿ ಈಗಾಗಲೇ ಬೇಕಾದಷ್ಟಿದ್ದಾರೆ. ಇನ್ನೊಬ್ಬರು ಬೇಡ. ನನ್ನ ಕೋಪ ಇನ್ನೂ ಇಳಿದಿಲ್ಲ. ಅಲ್ಲಲ್ಲಿ ಮಾತು ಖಾರವಾದರೆ ಆಗಲಿ, ನಡೆದದ್ದನ್ನು ಮಾತ್ರ ನಡೆದ ಹಾಗೆಯೇ ಹೇಳುತ್ತೇನೆ.

ನಾನು ರಾಣಿ. ಊರು ಸತ್ತೇಗಾಲ, ಕೊಳ್ಳೇಗಾಲದಲ್ಲಿ ಡಿಗ್ರಿ ಓದುತ್ತಿದ್ದೇನೆ. ಕಾಡು, ಬೆಟ್ಟ, ಬಂಡೆ ಎಂದರೆ ನನಗೆ ಪ್ರಾಣ. ಕಾಲೇಜಿನಲ್ಲಿ ಚಾರಣದ ಗುಂಪು ಶುರುವಾದಾಗ ಮೊದಲು ಹೆಸರು ಕೊಟ್ಟವಳು ನಾನೇ. ಬಿಳಿಗಿರಿರಂಗನ ಬೆಟ್ಟದ ಕಡೆ ಕರೆದುಕೊಂಡು ಹೋಗಬೇಕಾದರೆ ಎಲ್ಲರೂ ಪ್ರಥಮ ಚಿಕಿತ್ಸೆ ಕಲಿತಿರಬೇಕು ಎಂದು ನಮ್ಮ ಮೇಷ್ಟ್ರು ಹಟ ಹಿಡಿದರು. ಹಾಗಾಗಿ ಕಳೆದ ಡಿಸೆಂಬರಿನಲ್ಲಿ ಯಳಂದೂರಿನ ಶಿಬಿರಕ್ಕೆ ಹೋದೆವು. ಕಲಿಸಿದವರು ಗೋವಿಂದಮ್ಮ ಎಂಬ ನರ್ಸು. ದೊಡ್ಡ ಗಂಟಲು, ಅದಕ್ಕಿಂತ ದೊಡ್ಡ ಕೋಪ. ಹುಡುಗರು ಒಬ್ಬರನ್ನೊಬ್ಬರು ನೆಲಕ್ಕೆ ಮಲಗಿಸಿ ನಗುತ್ತಿದ್ದರೆ, “ಕಿಸೀರಪ್ಪಾ ಕಿಸೀರಿ! ನಾಳೆ ಕಾಡೊಳಗೆ ನಿಮ್ಮವ್ವ ಬಿದ್ದಾಗ್ಲೂ ಇಂಗೇ ಕಿಸೀತಾ ನಿಂತಿರಿ” ಎಂದು ಬಯ್ಯುತ್ತಿದ್ದರು.

ಬಿಸಿಲಿನ ಪಾಠವನ್ನು ಅವರು ಹೇಳಿಕೊಟ್ಟ ರೀತಿ ನನ್ನ ಕಿವಿಯಲ್ಲಿ ಹಾಗೇ ಇದೆ. “ಬಿಸ್ಲಲ್ಲಿ ನಡೆದು ತಲೆ ತಿರುಗೋದು ಬೇರೆ. ಮೈ ಕೆಂಡ ಆಗಿ, ಮಾತು ತೊದಲಿ, ಎದುರಿಗಿರೋರು ಯಾರು ಅಂತ ಗೊತ್ತಾಗ್ದಿದ್ರೆ ಅದು ಬೇರೆ. ಆಗ ಒಳಗೆ ಮಿದುಳು ಬೇಯ್ತಾ ಇರ್ತದೆ ಕಣ್ರಿ. ಗಾಡಿ ಬರ್ಲಿ, ಡಾಕ್ಟ್ರು ಬರ್ಲಿ ಅಂತ ಕಾಯ್ಬೇಡಿ. ಮೊದ್ಲು ತಂಪು ಮಾಡಿ, ಆಮೇಲೆ ಸಾಗ್ಸಿ. ಸಿಕ್ಕಿದ ನೀರ್ನ ಮೈಮೇಲೆ ಸುರೀರಿ. ಕೆರೆ ನೀರೋ ಮೋರಿ ನೀರೋ ನೋಡ್ತಾ ಕೂರಬೇಡಿ. ಗ್ಯಾನ ಇಲ್ಲದೋರ ಬಾಯಿಗೆ ಮಾತ್ರ ಒಂದು ತೊಟ್ಟೂ ಉಯ್ಯಬೇಡಿ.”

ಊರಿಗೆ ಬಂದವಳೇ ಸಿಕ್ಕಿದವರಿಗೆಲ್ಲ ಪಟ್ಟಿ ಕಟ್ಟತೊಡಗಿದೆ. ಬೇರೆಯವರು ಓಡಿಹೋದರು. ಕೈ ಕೊಟ್ಟು ಕೂತವಳು ಪುಟ್ಟಮಲ್ಲತ್ತೆ ಒಬ್ಬಳೇ. ಅವಳು ನಮ್ಮಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ನಮ್ಮ ಪಕ್ಕದ ಮನೆಯಲ್ಲೇ ಇದ್ದಾಳೆ. ನನ್ನನ್ನು ಎತ್ತಿ ಆಡಿಸಿ, ತಲೆ ಬಾಚಿ, ಇಸ್ಕೂಲಿಗೆ ಅಟ್ಟಿದವಳೆಲ್ಲ ಅವಳೇ. “ಏನಮ್ಮಿ, ಯಳಂದೂರ್‍ಗೆ ಓಗಿ ಬಂದು ಡಾಕ್ಟ್ರೇ ಆಗ್ಬುಟ್ಯಲ್ಲಾ! ಕಟ್ಟು ಕಟ್ಟು, ಈ ಕೈಗೂ ಕಟ್ಟು. ಅಸ ಕರೆಯಕ್ಕೆ ನೀನೇ ಓಗೀವಂತೆ” ಎಂದು ಅಣಕಿಸಿದಳು. ಆಮೇಲೆ ಆ ಪಟ್ಟಿಯನ್ನು ಕುತ್ತಿಗೆಗೆ ಹಾಗೇ ನೇತುಹಾಕಿಕೊಂಡು ಹಟ್ಟಿಯೆಲ್ಲ ಸುತ್ತಿ ನಗಿಸಿ ಬಂದಳು.

ಅತ್ತೆಗೆ ಇಬ್ಬರು ಮಕ್ಕಳು. ಮಗ ಶಾಂತರಾಜು, ನನಗಿಂತ ಸ್ವಲ್ಪ ದೊಡ್ಡವನು, ಕೈಯಿಂದ ಮೊಬೈಲ್ ಇಳಿಸದ ಗಿರಾಕಿ. ಮಗಳು ಮಹದೇವಿಯಕ್ಕನನ್ನು ಹನೂರಿನ ಹತ್ತಿರ ಶಾಗ್ಯಕ್ಕೆ ಕೊಟ್ಟಿದ್ದಾರೆ. ಮಹದೇವಿಯಕ್ಕನಿಗೆ ಎರಡು ಸಲ ಹೊಟ್ಟೆಯಲ್ಲೇ ಮಗು ಹೋಯಿತು. ಈಗ ಮತ್ತೆ ಬಸುರಿ. ಈ ಸಲ ಏನೂ ಆಗದಿರಲಿ ಎಂದು ಅತ್ತೆ ಮಾದಪ್ಪನಿಗೆ ನೀರು ಹೊರುವ ಹರಕೆ ಕಟ್ಟಿಕೊಂಡಳು.

ಹೊರಗಿನವರಿಗೆ ಇದು ಗೊತ್ತಿರುವುದಿಲ್ಲ, ಹೇಳಿಬಿಡುತ್ತೇನೆ. ಯುಗಾದಿಗೆ ಮುಂಚೆ ನಮ್ಮ ಬೀದಿಯ ಗುಂಪು ಮಾದಪ್ಪನಿರುವ ಮಲೆ ಮಹದೇಶ್ವರ ಬೆಟ್ಟಕ್ಕೆ ಬರಿಗಾಲಲ್ಲಿ ನಡೆಯುತ್ತದೆ. ಹರಕೆಯವರು ನಮ್ಮೂರ ಹೊಳೆಯಲ್ಲಿ ಮುಳುಗಿ, ಸಣ್ಣ ತಾಮ್ರದ ಬಿಂದಿಗೆಗಳಲ್ಲಿ ಕಾವೇರಿ ನೀರು ತುಂಬಿ, ಬಿಂದಿಗೆಯ ಬಾಯಿಗೆ ಹಳದಿ ಬಟ್ಟೆ ಕಟ್ಟಿ ತಲೆ ಮೇಲೆ ಹೊರುತ್ತಾರೆ. ಕೊಳ್ಳೇಗಾಲ, ಹನೂರು, ಕೌದಳ್ಳಿ ದಾಟಿ ತಾಳಬೆಟ್ಟ ಸೇರುವವರೆಗೆ ಎಲ್ಲ ಸರಿ. ಅಲ್ಲಿಂದ ಬೆಟ್ಟ ಹತ್ತುವ ದಿನ ಬಿಂದಿಗೆ ಹೊತ್ತವರು ಒಂದು ಹನಿಯನ್ನೂ ಬಾಯಿಗೆ ಹಾಕುವ ಹಾಗಿಲ್ಲ. ಅವರು ತಂದ ನೀರು ಮೊದಲು ಮಾದಪ್ಪನ ತಲೆ ಮೇಲೆ ಬೀಳಬೇಕು, ಆಮೇಲೆ ಅವರ ಗಂಟಲು. ಬೇರೆ ಊರಿನ ಗುಂಪುಗಳಲ್ಲಿ ಈ ಕಟ್ಟಳೆ ಇಲ್ಲ. ಇದು ನಮ್ಮ ಗುಂಪಿನದು, ಇದನ್ನು ಕಾಯುವವರು ಗುರುಪಾದಸ್ವಾಮಿ. ವಯಸ್ಸಾದವರು, ಕೊರಳಲ್ಲಿ ರುದ್ರಾಕ್ಷಿ, ಕೈಯಲ್ಲಿ ಬೆತ್ತ. ನಾನು ಅವರನ್ನು ದೊಡ್ಡಪ್ಪ ಎಂದೇ ಕರೆಯುವುದು.

ಹೊರಡುವ ಹಿಂದಿನ ದಿನವೇ ನಾನು ಅವರ ಜಗುಲಿಗೆ ಹೋಗಿ ಕೇಳಿದೆ. “ದೊಡ್ಡಪ್ಪ, ಈ ಸಲ ಬಿಸ್ಲು ಜಾಸ್ತಿ. ಬಿಂದಿಗೆ ಹೊತ್ತೋರಿಗೂ ಒಸಿ ನೀರು ಕುಡ್ಯಕ್ಕೆ ಬುಡಿ.”

“ಬುಡದಾ? ನಾನ್ಯಾರಮ್ಮಿ ಬುಡಾಕೆ? ನಮ್ ತಾತ ಹೊತ್ತ, ನಮ್ಮಪ್ಪ ಹೊತ್ತ, ನಾ ಹೊತ್ತೆ. ಯಾರ್ ಸತ್ರು?”

“ಸತ್ತೋರು ಬಂದು ಯೋಳ್ತಾರಾ?”

“ನೋಡ್ದಾ ಬಾಯ! ಕಾಲೇಜು ಮೆಟ್ಟಿದ್ ಮ್ಯಾಲೆ ಬಾಯ್ಗೆ ಬೇಲಿನೇ ಇಲ್ಲ ಇವ್ಕೆ. ನಿಮ್ಮತ್ತೆ ಹರಕೆ ನಿಂದಲ್ಲ ಕಣಮ್ಮಿ. ಓಗು, ಓದ್ಕೋ ಓಗು.”

ಓದಿಕೊಳ್ಳಲು ಹೋಗಲಿಲ್ಲ. ಚೀಲಕ್ಕೆ ಪಟ್ಟಿ, ಹತ್ತಿ, ಓಆರ್‌ಎಸ್ ಪುಡಿ, ಟವೆಲ್ಲು ತುಂಬಿಕೊಂಡು ನಾನೂ ನಡೆದೆ.

ದಾರಿಯಲ್ಲಿ ಎಲ್ಲರೂ ನನ್ನ ಚೀಲವನ್ನು ಆಡಿಕೊಂಡು ನಕ್ಕರು. ಕೌದಳ್ಳಿ ಹೊತ್ತಿಗೆ ಅರ್ಧ ಗುಂಪಿನ ಅಂಗಾಲಿಗೆ ನಾನೇ ಪಟ್ಟಿ ಸುತ್ತಿದ್ದೆ, ಆಗ ನಗು ನಿಂತಿತು. ಶಾಂತರಾಜು ಮಾತ್ರ, “ನಮ್ ರಾಣಿ ನಡೆದಾಡೋ ಮೆಡಿಕಲ್ ಸ್ಟೋರು ಕಣ್ಲಾ” ಎಂದು ಮೊಬೈಲಿನಲ್ಲಿ ಯಾರಿಗೋ ತೋರಿಸುತ್ತಲೇ ಇದ್ದ.

ತಾಳಬೆಟ್ಟದಿಂದ ಕಾಲುದಾರಿ ಹಿಡಿದೆವು. ಬೆಳಗಿನ ಹೊತ್ತಿಗೆ ಹೊರಟು ತಂಪಲ್ಲೇ ಹತ್ತಿಬಿಡಬೇಕೆಂದು ಮಾತಾಗಿತ್ತು. ಆದರೆ ಪೂಜೆ, ಧೂಪ, ಮಂಗಳಾರತಿ ಎಂದು ಎಳೆದೂ ಎಳೆದೂ ಹೊರಡುವಾಗ ಬಿಸಿಲು ನೆತ್ತಿಗೆ ಹತ್ತಿರವಾಗಿತ್ತು. ಮರಗಳೆಲ್ಲ ಎಲೆ ಉದುರಿಸಿ ಬೋಳಾಗಿದ್ದವು. ಕಲ್ಲಿನ ಮೇಲೆ ಕಾಲಿಟ್ಟರೆ ಸುಟ್ಟುಹೋಗುವ ಹಾಗೆ. ದಾರಿಯಲ್ಲಿ ಕುಡಿಯುವ ನೀರು ಸಿಗುತ್ತದೆಂದು ನಂಬಿದ್ದ ಜಾಗದಲ್ಲಿ ತೊಟ್ಟಿ ಒಣಗಿತ್ತು. ಎಲ್ಲರ ಬಾಟಲಿಗಳೂ ಖಾಲಿಯಾದವು. ನನ್ನದರಲ್ಲಿ ತಳದಲ್ಲಿ ಸ್ವಲ್ಪ ಉಳಿದಿತ್ತು, ಅದನ್ನು ಅತ್ತೆಗೆಂದೇ ಉಳಿಸಿಕೊಂಡಿದ್ದೆ.

ಅವಳ ಮುಖ ಕೆಂಪಗಾಗಿತ್ತು. ಹಿಂದಿನ ದಿನ ಸೀರೆಯೆಲ್ಲ ತೊಯ್ದುಹೋಗುವಷ್ಟು ಬೆವರಿದ್ದವಳ ಹಣೆ ಈಗ ಒಣಗಿತ್ತು.

“ಅತ್ತೆ, ನಿಂಗೆ ಬೆವ್ರೇ ಬತ್ತಿಲ್ವಲ್ಲ. ಒಂದ್ ಗುಟುಕು ಕುಡಿ. ಯಾರ್‍ಗೂ ಯೋಳಲ್ಲ.”

“ಸುಮ್ನಿರಮ್ಮಿ. ತಲೆ ಮ್ಯಾಲೆ ಕಾವೇರವ್ವ ಕೂತವ್ಳೆ, ನಾ ತಂಪಾಗಿವ್ನಿ. ನಿಮ್ಮಕ್ಕನ ಮಗೀಗೆ ಏನಾರ ಆದ್ರೆ ನೀ ಕೊಡ್ತೀಯಾ ಜವಾಬು?”

ನಾನು ಬಾಟಲಿಯನ್ನು ಮತ್ತೆ ಚೀಲಕ್ಕೆ ಹಾಕಿದೆ. ಸ್ವಲ್ಪ ದೂರ ಹೋದ ಮೇಲೆ ಅವಳ ಹೆಜ್ಜೆ ಅಡ್ಡಾದಿಡ್ಡಿಯಾಯಿತು. ನನ್ನ ಕಡೆ ತಿರುಗಿ, “ಮಾದೇವಿ, ಎತ್ತು ಒಳಕ್ಕೆ ಕಟ್ಟಿದ್ರಾ?” ಎಂದಳು.

ನಾನು ಮಹದೇವಿಯಲ್ಲ. ನಮ್ಮ ಮನೆಯಲ್ಲಿ ಎತ್ತು ಇಲ್ಲದೆ ಎಷ್ಟೋ ವರ್ಷವಾಯಿತು.

ನಾನು ಮುಂದಕ್ಕೆ ಓಡಿ ದೊಡ್ಡಪ್ಪನ ಎದುರು ಅಡ್ಡ ನಿಂತೆ. “ನಿಲ್ಸಿ! ಅತ್ತೆ ಏನೇನೋ ಮಾತಾಡ್ತಾ ಅವ್ಳೆ. ಬಿಂದಿಗೆ ಇಳ್ಸಿ, ನೆರಳಿಗೆ ಕೂರ್‍ಸಿ!”

“ಬೆಟ್ಟ ಸೇರಗಂಟ ಬಿಂದಿಗೆ ನೆಲ ಮುಟ್ಟಂಗಿಲ್ಲ. ದಾರಿ ಬುಡು.”

ಅಷ್ಟರಲ್ಲಿ ಹಿಂದೆ ಯಾರೋ ಕಿರುಚಿದರು. ತಿರುಗಿ ನೋಡಿದೆ. ಅತ್ತೆಯ ಮೊಣಕಾಲು ಮಡಚಿಕೊಳ್ಳುತ್ತಿತ್ತು.

ಈಗ ಹೇಳುವುದನ್ನು ಗಮನವಿಟ್ಟು ಕೇಳಿ. “ಬಿಂದ್ಗೆ! ಬಿಂದ್ಗೆ ಹಿಡ್ಕಳ್ರಲಾ!” ಎಂಬ ಕೂಗು ಎದ್ದಿತು. ಸುತ್ತಲಿಂದ ಕೈಗಳು ಚಾಚಿಕೊಂಡವು. ಎಲ್ಲವೂ ಬಿಂದಿಗೆಗೆ. ಬಿಂದಿಗೆ ಒಂದು ಹನಿ ತುಳುಕದೆ ಅವರ ಕೈಗಳಲ್ಲಿ ಉಳಿಯಿತು. ನಮ್ಮತ್ತೆ ಕಲ್ಲಿನ ಮೇಲೆ ಬಿದ್ದಳು. ಆ ತಲೆ ಕಲ್ಲಿಗೆ ಬಡಿದ ಸದ್ದು ನನಗೆ ಅಷ್ಟು ದೂರಕ್ಕೆ ಕೇಳಿಸಿತು. ಪಕ್ಕದಲ್ಲೇ ಇದ್ದವರಿಗೆ ಕೇಳಿಸಲಿಲ್ಲವೇ?

ಓಡಿ ಹೋಗಿ ಮುಟ್ಟಿದರೆ ಮೈ ಸುಡುತ್ತಿತ್ತು. ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡು, ಕೈಕಾಲು ಅದುರತೊಡಗಿದವು. ಬಾಯಿಂದ ಏನೋ ಮುರಿದ ಮಾತು. ನಾನು ಅವಳನ್ನು ಪಕ್ಕಕ್ಕೆ ತಿರುಗಿಸಿ ಮಲಗಿಸಲು ಭುಜಕ್ಕೆ ಕೈ ಹಾಕಿದೆ. ಅಷ್ಟರಲ್ಲಿ ಯಾರೋ ಗಟ್ಟಿಯಾಗಿ ಹೇಳಿದರು. “ಮೈಮ್ಯಾಲೆ ಬಂದವ್ನೆ! ಮಾದಪ್ಪ ಬಂದವ್ನೆ!”

“ಉಘೇ ಮಾದಪ್ಪ! ಉಘೇ!”

ಮುಗಿಯಿತು. ಇಡೀ ಗುಂಪು ಮುಗಿಬಿದ್ದಿತು. ನನ್ನನ್ನು ರಟ್ಟೆ ಹಿಡಿದು ಆಚೆ ಎಳೆದರು. ಒಬ್ಬರು ಸಾಂಬ್ರಾಣಿ ಹಚ್ಚಿ ಅವಳ ಮೂಗಿಗೇ ಹಿಡಿದರು. ಒಬ್ಬರು ಹಣೆಗೆ ವಿಭೂತಿ ಬಳಿದರು. ಒಬ್ಬಳು ತನ್ನ ಬೀಗದ ಕೈ ಗೊಂಚಲನ್ನು ಅತ್ತೆಯ ಮುಷ್ಟಿಗೆ ತುರುಕಲು ನೋಡುತ್ತಿದ್ದಳು. ಒಂದಿಷ್ಟು ಗಾಳಿ ಆಡುತ್ತಿದ್ದ ಜಾಗವನ್ನೂ ಕಾಲುಗಳೇ ಮುಚ್ಚಿಹಾಕಿದವು. ದೊಡ್ಡಪ್ಪ ಬೆತ್ತವನ್ನು ಎರಡೂ ಕೈಯಲ್ಲಿ ಹಿಡಿದು ಅವಳೆದುರು ಬಾಗಿದರು.

“ಯಾಕಪ್ಪಾ ಬಂದೆ? ಯಾರ್ ಏನ್ ತಪ್ ಮಾಡುದ್ರು? ಬಾಯ್ ಬುಟ್ಟು ಯೋಳಪ್ಪಾ.”

“ಎತ್ತು... ಎತ್ತು ಕಟ್ಟಿ...” ಎಂದಳು ಅತ್ತೆ.

“ಬಸವನ ಸೇವೆ ಕೇಳ್ತಾವ್ನೆ!” ದೊಡ್ಡಪ್ಪನ ಕಣ್ಣಲ್ಲಿ ನೀರು. “ಆಯ್ತು ಕಣಪ್ಪಾ, ಮಾಡುಸ್ತೀವಿ!”

ನಾನು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದೆ. “ದೇವ್ರಲ್ಲ ಅದು! ಬಿಸ್ಲು! ಸತ್ತೋಯ್ತಾಳೆ, ಬುಡ್ರೀ ನನ್ನ!” ಯಾರಿಗೂ ಬೇಕಿರಲಿಲ್ಲ. ನನ್ನನ್ನು ಹಿಡಿದಿದ್ದ ಹೆಂಗಸು, “ಶ್, ಸ್ವಾಮಿ ಮಾತಾಡ್ತಾವ್ನೆ, ಬಾಯ್ ಮುಚ್ಕೊ” ಎಂದು ಗದರಿದಳು.

ಶಾಂತರಾಜು ಎಲ್ಲಿದ್ದ ಗೊತ್ತೇ? ಒಂದು ಬಂಡೆ ಹತ್ತಿ ನಿಂತು ವಿಡಿಯೋ ಮಾಡುತ್ತಿದ್ದ. ಸ್ವಂತ ತಾಯಿ ಕಣ್ರೀ! “ನಮ್ಮವ್ವನ್ ಮೈಮ್ಯಾಲೆ ಮಾದಪ್ಪ ಬಂದವ್ನೆ, ಎಲ್ರೂ ಕೈ ಮುಗೀರಿ” ಎಂದು ಮೊಬೈಲಿಗೆ ಹೇಳುತ್ತಿದ್ದ. ನಾನು ಹಿಡಿದವಳ ಕೈ ಕೊಡವಿಕೊಂಡು ಹೋಗಿ ಅವನ ಕೈಗೆ ಬಾರಿಸಿದೆ. ಮೊಬೈಲು ಪೊದೆಗೆ ಬಿತ್ತು.

“ಏಯ್! ಏನ್ ಬಂದದೆ ನಿಂಗೆ?”

“ಓಗಿ ಮುಟ್ಟು ನಿಮ್ಮವ್ವನ. ಒಂದೇ ಸಲ ಮುಟ್ಟು. ದೇವ್ರು ಬಂದ್ರೆ ಮೈ ಇಂಗ್ ಸುಡ್ತದಾ? ಮುಟ್ಟಿ ನೋಡ್ಲಾ!”

ಅವನು ಹೋಗಿ ಮುಟ್ಟಿದ. ಸುಟ್ಟವನ ಹಾಗೆ ಕೈ ಎಳೆದುಕೊಂಡ. “ಅವ್ವಾ” ಎಂದ, ಸಣ್ಣಗೆ.

“ಕೆಳಗೆ ಟಾರ್ ರೋಡ್ ಅದೆ. ಅಲ್ಲೀಗಂಟ ಓಡು. ಸಿಗ್ನಲ್ ಸಿಕ್ಕುದ್ರೆ ನೂರೆಂಟಕ್ಕೆ ಫೋನ್ ಮಾಡು, ಸಿಗ್ದಿದ್ರೆ ಯಾವ್ದಾರ ಗಾಡಿ ಅಡ್ಡಗಟ್ಟು. ಓಡ್ಲಾ!”

ಅವನು ಪೊದೆಯಿಂದ ಮೊಬೈಲು ಎತ್ತಿಕೊಂಡು ಓಡಿದ. ಅದೊಂದು ಕೆಲಸವನ್ನು ಅವನು ನೆಟ್ಟಗೆ ಮಾಡಿದ, ಅದನ್ನು ಇಲ್ಲ ಎನ್ನುವುದಿಲ್ಲ.

ನಾನು ಗುಂಪಿನೊಳಗೆ ನುಗ್ಗಿ ನನ್ನ ಬಾಟಲಿಯಲ್ಲಿದ್ದ ನೀರನ್ನು ಅತ್ತೆಯ ಕುತ್ತಿಗೆಗೆ ಸುರಿದೆ. ಕಾದ ಹಂಚಿಗೆ ಚಿಮುಕಿಸಿದಷ್ಟೇ ಆಯಿತು. ಇನ್ನೂ ಬೇಕು. ಸುತ್ತ ನೋಡಿದೆ. ಹರಕೆಯವರು ಸಾಲಾಗಿ ನಿಂತಿದ್ದರು. ತಲೆಗಳ ಮೇಲೆ ತಾಮ್ರದ ಬಿಂದಿಗೆಗಳು, ಕುತ್ತಿಗೆಯವರೆಗೂ ನೀರು. ಇಷ್ಟು ನೀರಿನ ಮಧ್ಯೆ ಒಬ್ಬಳು ನೀರಿಲ್ಲದೆ ಬೇಯುತ್ತಿದ್ದಳು.

ಅತ್ತೆಯ ಬಿಂದಿಗೆಯನ್ನು ದೊಡ್ಡಪ್ಪನ ಪಕ್ಕದವನು ಎದೆಗೆ ಅವಚಿಕೊಂಡು ನಿಂತಿದ್ದ. ಕಿತ್ತುಕೊಂಡೆ. ಹಳದಿ ಬಟ್ಟೆ ಹರಿದು ಎಸೆದೆ.

“ಏಯ್! ಅದ್ನ ಮುಟ್ಬೇಡ!” ದೊಡ್ಡಪ್ಪ ಕೂಗಿದರು. ಬೆತ್ತ ನನ್ನ ಬೆನ್ನಿಗೆ ಬಿತ್ತು. ಜೋರಾಗಿಯೇ ಬಿತ್ತು.

ನಾನು ಸುರಿದೆ. ತಲೆಗೆ, ಕುತ್ತಿಗೆಗೆ, ಎದೆಗೆ, ಕಂಕುಳಿಗೆ. ಸತ್ತೇಗಾಲದಿಂದ ಹೊತ್ತು ತಂದ ಕಾವೇರಿ ನೀರನ್ನು, ಹೊತ್ತು ತಂದವಳ ಮೈಮೇಲೇ ಸುರಿದೆ. ಆಮೇಲೆ ಬೈಗುಳ ಶುರುವಾಯಿತು. ‘ಮನೆ ಹಾಳಿ’ಯಿಂದ ಹಿಡಿದು ಇಲ್ಲಿ ಹೇಳಲಾಗದ ಮಾತಿನವರೆಗೆ.

“ಇನ್ನೊಂದ್ ಬಿಂದಿಗೆ ಕೊಡಿ! ಸಾಲ್ದು! ಸೆರಗು ಸಡಿಲ ಮಾಡ್ಬೇಕು, ಗಂಡಸ್ರು ಆಚೆ ಓಗಿ!”

ಯಾರೂ ಕದಲಲಿಲ್ಲ. ಆಗ ಜಡೆಮ್ಮ ಮುಂದೆ ಬಂದಳು. ನಮ್ಮ ಬೀದಿಯ ಕೊನೆಮನೆಯವಳು, ಅತ್ತೆಯ ಜೊತೆ ಕೂಲಿಗೆ ಹೋಗುವವಳು. ಅವಳದೂ ಹರಕೆ, ಅವಳ ತಲೆ ಮೇಲೂ ಬಿಂದಿಗೆ. ಅದನ್ನು ಇಳಿಸಿದಳು, ತಾನೇ ಬಟ್ಟೆ ಬಿಚ್ಚಿದಳು, ನನ್ನ ಕೈಗಿತ್ತಳು.

“ಜಡೆಮ್ಮಾ! ನಿನ್ನ ಹರಕೆ!” ಎಂದರು ದೊಡ್ಡಪ್ಪ.

“ನಂದ್ ನಾ ನೋಡ್ಕತೀನಿ ಬುಡಿ. ಮಾದಪ್ಪ ಕೇಳುದ್ರೆ ನಾನೇ ಜವಾಬ್ ಯೋಳ್ತೀನಿ.” ಆಮೇಲೆ ಹೆಂಗಸರ ಕಡೆ ತಿರುಗಿ, “ಏನ್ ಕಣ್ ಬುಟ್ಕಂಡ್ ನೋಡ್ತಾ ಇದ್ದೀರಿ? ಬನ್ರೇ, ಸೀರೆ ಅಡ್ಡ ಹಿಡೀರಿ!”

ಇಬ್ಬರು ಹೆಂಗಸರು ಬಂದು ಸೀರೆ ಅಡ್ಡ ಹಿಡಿದರು, ನೆರಳೂ ಆಯಿತು, ಮರೆಯೂ ಆಯಿತು. ನಾನು ರವಿಕೆ ಸಡಿಲಿಸಿ, ಟವೆಲ್ಲು ತೋಯಿಸಿ ಹಾಸಿ, ನೀರನ್ನು ಸ್ವಲ್ಪ ಸ್ವಲ್ಪವೇ ಹುಯ್ಯುತ್ತಾ ಹೋದೆ. ಜಡೆಮ್ಮ ಸೆರಗಿನಿಂದ ಗಾಳಿ ಬೀಸಿದಳು. ಅತ್ತೆಯ ನಡುಕ ನಿಂತಿತು. ನಾನು ಅವಳನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿದೆ. ಉಸಿರು ಇತ್ತು. ಎಷ್ಟೋ ಹೊತ್ತಿನ ಮೇಲೆ ಅವಳು ಕಣ್ಣು ಬಿಟ್ಟು ನನ್ನನ್ನೇ ನೋಡಿದಳು. “ರಾಣಿ” ಎಂದಳು. ಮಹದೇವಿ ಎನ್ನಲಿಲ್ಲ. ಆಗ ನನಗೆ ಅಳು ಬಂತು.

ಶಾಂತರಾಜು ತರಕಾರಿ ಸಾಗಿಸುವ ಜೀಪಿನವನನ್ನು ಹಿಡಿದು ತಂದಿದ್ದ. ಕಂಬಳಿಯಲ್ಲಿ ಹೊತ್ತು ರಸ್ತೆಗೆ ಇಳಿಸಿದೆವು. ಜೀಪಿನಲ್ಲೂ ದಾರಿಯುದ್ದಕ್ಕೂ ಟವೆಲ್ಲು ತೋಯಿಸುತ್ತಲೇ ಇದ್ದೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹೊರಗೆ ಬಂದು ಕೇಳಿದರು. “ಇವ್ರಿಗೆ ನೀರು ಹಾಕಿದ್ದು ಯಾರು?”

“ನಾನು ಮೇಡಂ.”

“ಜೀವ ಉಳೀತು. ತಲೆ ಪೆಟ್ಟಿಂದ ಏನೂ ತೊಂದ್ರೆ ಇಲ್ಲ. ಆದ್ರೆ ಬಿದ್ದ ತಕ್ಷಣ ಯಾಕೆ ಹಾಕ್ಲಿಲ್ಲ? ಕಿಡ್ನಿಗೆ ಪೆಟ್ಟಾಗಿದೆ. ಇನ್ನಷ್ಟು ಬೇಗ ತಂಪು ಮಾಡಿದ್ರೆ ಇಷ್ಟು ಆಗ್ತಿರ್ಲಿಲ್ಲ.”

ತಕ್ಷಣ ಅವರೆಲ್ಲ ಬಸವನ ಸೇವೆಯ ಮಾತಾಡುತ್ತಿದ್ದರು ಮೇಡಂ ಎನ್ನಲೇ? ಗೋಡೆಗೆ ಗುದ್ದಿದೆ, ಕೈ ಊದಿತು.

ಇಲ್ಲಿಗೆ ಮುಗಿದಿದ್ದರೆ ನಾನು ನಿಮ್ಮನ್ನು ಕೂರಿಸಿ ಹೇಳುತ್ತಿರಲಿಲ್ಲ. ಅತ್ತೆ ಮನೆಗೆ ಬಂದಳು, ಅರ್ಧ ಆಗಿದ್ದಳು. ನಾನು ಗಂಜಿ ತೆಗೆದುಕೊಂಡು ಹೋದರೆ ಗೋಡೆಯ ಕಡೆ ತಿರುಗಿ ಮಲಗಿದಳು.

“ಅತ್ತೆ, ಮಾತಾಡು.”

“ಏನ್ ಮಾತಾಡ್ಲಿ? ಮಾದಪ್ಪನ ತಲೆಗೆ ಬೀಳೋ ನೀರ್ನ ನನ್ ಮೈಗೆ ಉಯ್ದೆ. ನಾಳೆ ಆ ಮಗೀಗೆ ಒಂದ್ ಓಗಿ ಒಂದಾದ್ರೆ?”

“ನೀ ಸತ್ತೋಯ್ತಿದ್ದೆ ಅತ್ತೆ!”

“ಸತ್ತಿದ್ರೆ ಸಾಯ್ತಿದ್ದೆ! ಬದ್ಕಿ ಏನ್ ಮಾಡ್ಬೇಕು, ಮಗಳ ವಟ್ಟೆ ಮತ್ತೆ ಬರಿದಾಗದ ನೋಡಕಾ?”

ಅವಳ ಮೇಲೂ ನನಗೆ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಎರಡು ಸಲ ಮಹದೇವಿಯಕ್ಕನನ್ನು ಆಸ್ಪತ್ರೆಯಿಂದ ಬರಿಗೈಯಲ್ಲಿ ಮನೆಗೆ ಕರೆತಂದವಳು ಅವಳು. ಅವಳ ಹೆದರಿಕೆಯನ್ನು ನಾನು ಹೇಗೆ ಬಯ್ಯಲಿ? ಆ ಹೆದರಿಕೆಗೆ ನೀರು ಹೊರಿಸಿ ಬಾಯಿ ಕಟ್ಟಿದವರ ಮೇಲೆ ನನ್ನ ಸಿಟ್ಟು.

ಸ್ವಲ್ಪ ಓಡಾಡುವ ಹಾಗಾದ ಕೂಡಲೇ ಅತ್ತೆ ಹಟ ಹಿಡಿದಳು. ಬರುವ ಅಮಾವಾಸ್ಯೆಗೆ ಮತ್ತೆ ನೀರು ಹೊರಬೇಕು, ಮಗು ಹುಟ್ಟುವ ಮುಂಚೆ ಹರಕೆ ತೀರಬೇಕು. ಡಾಕ್ಟರಮ್ಮ ಬಿಸಿಲಿಗೆ ಹೋಗಲೇಬೇಡಿ ಎಂದಿದ್ದರು. ಅಪ್ಪ ಹೇಳಿದರು, ಶಾಂತರಾಜು ಕಾಲು ಹಿಡಿದ. ಬಿಂದಿಗೆ ನಾನು ಹೊರುತ್ತೇನೆ ಎಂದೆ. ‘ನೀನಾ’ ಎಂದು ಅವಳು ನೋಡಿದ ನೋಟ ನನಗೆ ಸಾಕಾಯಿತು. ದೊಡ್ಡಪ್ಪ ಒಪ್ಪಿಬಿಟ್ಟರು. ಅದೇ ಕಟ್ಟಳೆ. ಬೆಟ್ಟ ಹತ್ತುವ ದಿನ ಹನಿ ನೀರಿಲ್ಲ.

ಹೊರಡುವ ಬೆಳಗ್ಗೆ ನಾನು ಹೊಳೆ ದಡಕ್ಕೆ ಹೋದೆ. ಅತ್ತೆ ಒದ್ದೆ ಸೀರೆಯಲ್ಲಿ ನಡುಗುತ್ತಾ ನಿಂತಿದ್ದಳು. ಬಿಂದಿಗೆ ತುಂಬಿಸಲು ಬಾಗಿದರೆ ಏಳಲು ಇನ್ನೊಬ್ಬರ ಕೈ ಬೇಕಿತ್ತು. ಕಿಡ್ನಿ ಸೋತ ಹೆಂಗಸು ನೀರಿಲ್ಲದೆ ಆ ದಾರಿ ಹತ್ತಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಅಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ಇಷ್ಟವೂ ಇರಲಿಲ್ಲ.

“ದೊಡ್ಡಪ್ಪ, ಕೈ ಮುಗೀತೀನಿ. ಬೆಟ್ಟ ಹತ್ತೋ ದಿನ ಅವ್ಳಿಗೆ ನೀರು ಕುಡ್ಯಕ್ಕೆ ಬುಡಿ. ನೀವು ಒಂದ್ ಮಾತು ಅಂದ್ರೆ ಅವ್ಳು ಕುಡೀತಾಳೆ. ನಾ ಯೋಳುದ್ರೆ ಕುಡ್ಯಲ್ಲ.”

ದೊಡ್ಡಪ್ಪ ಬೆತ್ತವನ್ನು ಆ ಕೈಯಿಂದ ಈ ಕೈಗೆ ಬದಲಿಸಿದರು. ಅವರಿಗೂ ಒಳಗೆ ಅಳುಕಿತ್ತು, ನನಗದು ಕಂಡಿತು. ಅತ್ತೆಯ ಊದಿದ ಕಾಲುಗಳನ್ನು ಅವರೂ ನೋಡುತ್ತಿದ್ದರು. ಕೊನೆಗೆ ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

“ಬುಡ್ತೀನಿ. ಆದ್ರೆ ಕಟ್ಟಳೆ ಮುರ್ದೋಳು ನೀನು. ಮೊದ್ಲು ಎಲ್ರ ಎದುರ್‍ಗೆ ಅಡ್ಡಬಿದ್ದು, ‘ಮಾದಪ್ಪನ ನೀರ್ನ ಮುಟ್ಟಿದ್ದು ನಂದು ತಪ್ಪು’ ಅಂತ ಅನ್ನು. ಆಗ ನಿಮ್ಮತ್ತೆಗೆ ನಾನೇ ನೀರು ಕೊಡ್ತೀನಿ.”

“ತಪ್ಪಾ? ನಂದಾ?”

“ಅನ್ನಂಗಿದ್ರೆ ಅನ್ನು. ಇಲ್ದಿದ್ರೆ ದಾರಿ ಬುಡು, ಬಿಸ್ಲೇರ್ತದೆ.”

ಜಡೆಮ್ಮ ನನ್ನ ಹತ್ತಿರ ಬಂದು ಕಿವಿಯಲ್ಲಿ ಹೇಳಿದಳು. “ಅನ್ಬೇಡ ಕಣಮ್ಮಿ. ನೀ ಅಂದ್ರೆ ನಾನೂ ತಪ್ಪು ಮಾಡ್ದಂಗಾಯ್ತದೆ.” ಅವಳನ್ನು ಈ ಸಲ ಗುಂಪಿಗೇ ಸೇರಿಸಿಕೊಂಡಿರಲಿಲ್ಲ, ಸುಮ್ಮನೆ ನೋಡಲು ಬಂದಿದ್ದಳು.

ನಾನು ಅತ್ತೆಯ ಕಡೆ ನೋಡಿದೆ. ಅವಳು ನನ್ನ ಕಡೆ ನೋಡಲಿಲ್ಲ. ಅವಳ ತುಟಿ ಆಗಲೇ ಒಣಗಿತ್ತು.

ನಾನು ಅಡ್ಡಬಿದ್ದೆ. ಮರಳು ಬಾಯಿಗೆ ಹೋಯಿತು. “ನಂದು ತಪ್ಪು” ಎಂದೆ. ಕೇಳಿಸಲಿಲ್ಲ, ಇನ್ನೊಂದು ಸಲ ಎಂದರು. ಇನ್ನೊಂದು ಸಲವೂ ಎಂದೆ. ಹಿಂದೆ ಜಡೆಮ್ಮ ಹೊರಟುಹೋದ ಕಾಲಿನ ಸದ್ದು ಕೇಳಿಸಿತು.

ಬೆಟ್ಟ ಹತ್ತುವ ದಿನ ತಾಳಬೆಟ್ಟದಲ್ಲಿ ದೊಡ್ಡಪ್ಪ ತಮ್ಮ ಕೈಯಾರೆ ಚೊಂಬಿನಲ್ಲಿ ನೀರು ಕೊಟ್ಟರು, ಅತ್ತೆ ಗಟಗಟ ಕುಡಿದಳು. ಆಮೇಲೆ ದಾರಿಯುದ್ದಕ್ಕೂ ನಾನು ಪಕ್ಕದಲ್ಲಿ ನಡೆದು, ನೆರಳು ಕಂಡಲ್ಲೆಲ್ಲ ಕೂರಿಸಿ, ಓಆರ್‌ಎಸ್ ಕಲಸಿ ಕುಡಿಸಿ, ತಲೆಗೆ ಒದ್ದೆ ಬಟ್ಟೆ ಹಾಕಿ ಹತ್ತಿಸಿದೆ. ಅವಳು ಬೆಟ್ಟ ತಲುಪಿದಳು. ನೀರು ಮಾದಪ್ಪನ ತಲೆ ಮೇಲೆ ಬಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು.

ಈಗ ಊರಲ್ಲಿ ಏನು ಮಾತು ಗೊತ್ತೇ? ‘ಹುಡುಗಿ ತಪ್ಪು ಒಪ್ಪಿಕೊಂಡಳು, ಮಾದಪ್ಪ ಮನ್ನಿಸಿದ, ಅದಕ್ಕೇ ಪುಟ್ಟಮಲ್ಲಮ್ಮ ಈ ಸಲ ಬೀಳಲಿಲ್ಲ.’ ನೀರು ಕುಡಿದದ್ದರಿಂದ ಬೀಳಲಿಲ್ಲ ಎಂದು ಒಬ್ಬರಾದರೂ, ಒಬ್ಬರೇ ಒಬ್ಬರಾದರೂ ಹೇಳಬೇಕಲ್ಲ! ಮುಂದಿನ ಸಲಕ್ಕೆ ಎಲ್ಲರಿಗೂ ನೀರು ಬಿಡುತ್ತೀರಾ ಎಂದು ದೊಡ್ಡಪ್ಪನನ್ನು ಕೇಳಿದೆ. “ಅದು ಅವತ್ತೊಂದ್ ದಿನಕ್ಕೆ ಕೊಟ್ ಮಾತು ಕಣಮ್ಮಿ. ಕಟ್ಟಳೆ ಕಟ್ಟಳೆನೇ. ತಪ್ಪು ಅಂತ ನೀನೇ ಒಪ್ಕಂಡಿಲ್ವಾ?” ಎಂದರು. ಮುಂದಿನ ಯುಗಾದಿಗೆ ಹರಕೆ ಹೊರಲು ಬೇರೆ ಹೆಂಗಸರು ಈಗಲೇ ಹೆಸರು ಹೇಳಿದ್ದಾರೆ.

ಬೀದಿಯ ಹುಡುಗ ಹುಡುಗಿಯರನ್ನು ಸೇರಿಸಿ ಗೋವಿಂದಮ್ಮ ಕಲಿಸಿದ್ದನ್ನೆಲ್ಲ ಕಲಿಸುತ್ತಿದ್ದೇನೆ. ಭಾನುವಾರ ಭಾನುವಾರ, ನಮ್ಮ ಹಟ್ಟಿಯಲ್ಲೇ. ಶಾಂತರಾಜು ಮೊದಲ ಸಾಲಿನಲ್ಲಿ ಕೂರುತ್ತಾನೆ. ಜಡೆಮ್ಮ ಬರುವುದಿಲ್ಲ, ನನ್ನನ್ನು ಕಂಡರೆ ಬೇರೆ ದಾರಿ ಹಿಡಿಯುತ್ತಾಳೆ. ಅವಳ ಬಿಂದಿಗೆಯ ನೀರೂ ಅತ್ತೆಯ ಜೀವ ಉಳಿಸಿತ್ತು, ಅದನ್ನೂ ನಾನು ಆ ಮರಳಲ್ಲಿ ತಪ್ಪು ಎಂದುಬಿಟ್ಟೆ.

ಅನ್ನದೇ ಇದ್ದಿದ್ದರೆ ಅತ್ತೆ ಒಣಗಿದ ಬಾಯಲ್ಲಿ ಬೆಟ್ಟ ಹತ್ತುತ್ತಿದ್ದಳು. ಅಂದಿದ್ದರಿಂದ ಮುಂದಿನವಳು ಹತ್ತುತ್ತಾಳೆ. ಈಗ ನೀವು ಹೇಳಿ. ಆ ಹೊಳೆ ದಡದಲ್ಲಿ, ಅತ್ತೆ ಎದುರಿಗೆ ನಿಂತಿರುವಾಗ, ನನ್ನ ಜಾಗದಲ್ಲಿ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ?